ಅವಳ ಉತ್ತರ ನುಂಗಿದ ಪೇಜು

"ಈ ಚಾಟ್‌ನಿಂದ ನಿಮ್ಮನ್ನು ಬ್ಲಾಕ್ ಮಾಡಲಾಗಿದೆ."

ಪ್ರೀತಿ ಹೇಳಿಕೊಂಡ ಹುಡುಗನಿಗೆ ಸಿಗಬಾರದ ಉತ್ತರ ಇದು. ಅದೂ ಅವನೇ ಕಟ್ಟಿದ ಆಫೀಸಿನ ಚಾಟ್ ಪೇಜಿನಲ್ಲಿ, ಅವನೇ ಬರೆದಿಟ್ಟ ವಾಕ್ಯದಲ್ಲಿ! ಅವನು ವೆಬ್‌ಸೈಟ್ ನೋಡಿಕೊಳ್ಳುವವನು. ಅವಳು ಮೇಲಿನ ಮಹಡಿಯ ಅನುವಾದಕಿ. ನಗುವ ಮುಂಚೆ ಒಂದು ಹುಬ್ಬು ಮೇಲೇರಿಸುತ್ತಾಳೆ. ಇವನು ಬಿದ್ದದ್ದು ಆ ಹುಬ್ಬಿಗೇ.

ಮನೆಯಲ್ಲಿ ಮುಖ ಸಪ್ಪೆ ಮಾಡಿಕೊಂಡು ತಟ್ಟೆ ಮುಂದೆ ಕೂತವನನ್ನು ಅಕ್ಕ ಗದರಿದಳು. "ಊಟದ ಮೇಲೆ ಯಾಕೋ ಸಿಟ್ಟು? ಬೇಡ ಅನ್ನೋದಾದ್ರೆ ಅವಳ ಬಾಯಿಂದಲೇ ಕೇಳಿಸ್ಕೊಂಡು ಬಾ."

ಮರುದಿನ ಎದೆ ಗಟ್ಟಿ ಮಾಡಿಕೊಂಡು ಮೆಟ್ಟಿಲು ಹತ್ತಿದ. ಅವಳು ಹೆಡ್‌ಫೋನಿನ ಮೈಕಿಗೆ ಮೆಲ್ಲಗೆ ಅನುವಾದ ಹೇಳುತ್ತಿದ್ದಳು. ಮಣಿಕಟ್ಟಿನ ನೋವು ಶುರುವಾದಾಗಿನಿಂದ ಟೈಪ್ ಮಾಡುವುದು ಬಿಟ್ಟಿದ್ದಾಳೆ. ಅವಳು ಹೇಳಿದ್ದನ್ನು ಕಂಪ್ಯೂಟರ್ ಬರೆದುಕೊಳ್ಳುತ್ತದೆ. ಇವನನ್ನು ಕಂಡವಳೇ ಮೈಕ್ ಆಫ್ ಮಾಡಿದಳು. ಹುಬ್ಬು ಅಲ್ಲಾಡಲಿಲ್ಲ.

"ಇಷ್ಟ ಇಲ್ಲ ಅಂದಿದ್ರೆ ಸಾಕಿತ್ತು. ಬ್ಲಾಕ್ ಯಾಕೆ ಮಾಡ್ಬೇಕಿತ್ತು?"

"ನಾನಾ? ನಾನು ಉತ್ತರ ಹೇಳ್ತಿರೋವಾಗಲೇ ಚಾಟ್ ಮಾಯ ಮಾಡಿದವನು ನೀನು! ಕಳ್ಳನಿಗೊಂದು ಪಿಳ್ಳೆ ನೆವ."

"ನಾನು ಮುಟ್ಟಿಲ್ಲ, ಆಣೆ!"

"ನಾನೂ ಮುಟ್ಟಿಲ್ಲ. ಹೀಗೆ ಮಾತಾಡ್ತಿದ್ದೆ ಅಷ್ಟೇ, ನೋಡು." ಮತ್ತೆ ಮೈಕ್ ಆನ್ ಮಾಡಿ, ಗೆಳತಿಯ ಚಾಟ್ ತೆರೆದು ಹೇಳಿದಳು, "ಮಧ್ಯಾಹ್ನ ಸಿಗೋಣ್ವಾ?"

ಪರದೆ ಪಟಪಟ ಮಿನುಗಿತು. ಪಾಪ, ಏನೂ ತಪ್ಪು ಮಾಡದ ಗೆಳತಿಯೂ ಬ್ಲಾಕ್ ಆದಳು.

ಭೂಮಿ ಬಾಯಿ ಬಿಡಬಾರದೇ ಅನಿಸಿತು ಅವನಿಗೆ. ಒಂದಕ್ಷರ ಒತ್ತಿದರೆ ಚಾಟ್ ಮುಚ್ಚುವ, ಇನ್ನೊಂದಕ್ಷರಕ್ಕೆ ಬ್ಲಾಕ್ ಆಗುವ ಶಾರ್ಟ್‌ಕಟ್‌ಗಳನ್ನು ಹಾಕಿ ಬೆನ್ನು ತಟ್ಟಿಸಿಕೊಂಡವನು ಇವನೇ. ಕರ್ಸರ್ ಬರೆಯುವ ಜಾಗದಿಂದ ಚೂರು ಆಚೆ ಇದ್ದರೆ ಸಾಕು, ಅವಳಾಡಿದ ಮಾತಿನ ಒಂದೊಂದು ಅಕ್ಷರವೂ ಕೀಲಿ ಒತ್ತಿದ ಹಾಗೆ. ಅವಳು ಮನಸ್ಸು ಬಿಚ್ಚಿ ಮಾತಾಡಿದ್ದಳು. ಪೇಜು ಅದನ್ನು ಅಪ್ಪಣೆ ಎಂದುಕೊಂಡಿತ್ತು.

"ತಪ್ಪು ನಂದು," ಅಂದ. "ಎಲ್ಲರೂ ನನ್ನ ಹಾಗೇ ಬೆರಳಲ್ಲೇ ಬರೀತಾರೆ ಅಂದ್ಕೊಂಡಿದ್ದೆ. ನಿನ್ನೆ ನೀನು ಏನು ಹೇಳಿದ್ದೆ?"

"ಮೊದಲು ಇದನ್ನ ಸರಿಮಾಡು. ನನಗೊಬ್ಬಳಿಗೆ ಅಲ್ಲ, ಎಲ್ಲರಿಗೂ."

ಅಲ್ಲೇ ಕುರ್ಚಿ ಎಳೆದುಕೊಂಡು ಕೂತ. ಬೇಕೆಂದವರು ಆನ್ ಮಾಡಿಕೊಂಡರೆ ಮಾತ್ರ ಶಾರ್ಟ್‌ಕಟ್ ಕೆಲಸ ಮಾಡುವಂತೆ ಬದಲಾಯಿಸಿದ. ಅವಳು ಓರೆಗಣ್ಣಲ್ಲಿ ಇವನನ್ನೇ ನೋಡುತ್ತಿದ್ದಳು. ಸಿಕ್ಕಿಬಿದ್ದಾಗ ಗೋಡೆಯ ಕ್ಯಾಲೆಂಡರ್ ಓದತೊಡಗಿದಳು.

"ಆಯ್ತು. ಆ ಕ್ಯಾಲೆಂಡರ್ ಹಾಳೆ ಹೋದ ತಿಂಗಳದ್ದು," ಅಂದ.

"ಗೊತ್ತು, ಸುಮ್ನಿರು." ನಗು ಬಂದೇಬಿಟ್ಟಿತು. ಆಮೇಲೆ ಹೆಡ್‌ಫೋನ್ ಕಳಚಿಟ್ಟು, ತಗ್ಗಿದ ದನಿಯಲ್ಲಿ ಹೇಳಿದಳು. "ನಂಗೂ ನೀನಂದ್ರೆ ಇಷ್ಟ ಅಂದಿದ್ದೆ. ಜೊತೆಗೆ ಒಂದು ಪ್ರಶ್ನೆ ಕೇಳಿದ್ದೆ. ಈ ಕೈ ವಾಸಿ ಆಗತ್ತೆ ಅಂತ ಡಾಕ್ಟರ್ ಮಾತು ಕೊಟ್ಟಿಲ್ಲ. ಕೆಲವು ದಿನ ನೀರಿನ ಲೋಟನೂ ಭಾರ. ಗೊತ್ತಿದ್ದೂ ನನ್ನ ಜೊತೆ ಬರ್ತೀಯಾ ಅಂತ. ಕಣ್ಣೆದುರೇ ಚಾಟ್ ಮಾಯ ಆಯ್ತು. ಅದೇ ನಿನ್ನ ಉತ್ತರ ಅಂದ್ಕೊಂಡು ಅತ್ತುಬಿಟ್ಟೆ."

ಅವನು ಕುರ್ಚಿಯನ್ನು ಅವಳತ್ತ ತಿರುಗಿಸಿದ. "ಬರ್ತೀನಿ ಕಣೇ," ಅಂದ. ನೋವಾದೀತೆಂದು ಅವಳ ಕೈ ಹಿಡಿಯಲಿಲ್ಲ. ಮೇಜಿನ ಮೇಲೆ ತನ್ನ ಅಂಗೈ ಬಿಚ್ಚಿಟ್ಟ. ಅವಳು ತನ್ನ ಕೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು.