ಹಿಟ್ಟಿನ ಬೋಗುಣಿ ನುಡಿದ ಸಾಕ್ಷಿ

ಗ್ಯಾರೇಜಿನ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಸಂತೆಯಿಂದ ಮರಳಿದ ಗುಲ್ಸುನ್ ಚೀಲ ಕೆಳಗಿಟ್ಟು ಅತ್ತ ಓಡಿದಳು. ಒಳಗೆ ಗಂಡ ತುರಾರ್ ಕಾರಿನ ಎಣ್ಣೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಬದಲಿಸುತ್ತಿದ್ದ. ಚಿಲಕ ಹಾಕಿದವರು ಯಾರು?

ತೆರೆದಳು. ಹೊಗೆ ಮುಖಕ್ಕೆ ರಾಚಿತು. ರಿಪೇರಿಗೆಂದು ಕಾರಿನಡಿ ತೋಡಿದ್ದ ಗುಂಡಿಯಲ್ಲಿ ತುರಾರ್ ಬಿದ್ದಿದ್ದ. ತಲೆಯ ಹಿಂದೆ ರಕ್ತ. ಎಂಜಿನ್ ನಿಂತಿತ್ತು, ಆದರೆ ಕೀಲಿ ತಿರುಗಿಸಿದಂತೆಯೇ ಇತ್ತು. ಪುಣ್ಯಕ್ಕೆ ಅವನಿಗಿನ್ನೂ ಉಸಿರಿತ್ತು.

ತುರಾರ್‌ನನ್ನು ಆಸ್ಪತ್ರೆಗೆ ಒಯ್ದರು. ಗುಲ್ಸುನ್‌ಳನ್ನು ಮಾತ್ರ ಇನ್ಸ್‌ಪೆಕ್ಟರ್ ಕುಬಾತ್ ಅಡುಗೆಮನೆಯಲ್ಲೇ ಕೂರಿಸಿ, ಬಾಗಿಲಿಗೆ ಕಾನ್‌ಸ್ಟೆಬಲ್‌ನ ಕಾವಲಿಟ್ಟ.

*

"ಬೆಳಿಗ್ಗೆ ಜಗಳ ಆಡಿದ್ರಂತೆ? ಇಡೀ ಬೀದಿಗೇ ಕೇಳ್ಸಿದೆ."

"ಹಿಟ್ಟು ನಾದೋ ಬೋಗುಣೀನ ಗ್ಯಾರೇಜಿಗೆ ಹೊತ್ಕೊಂಡು ಹೋದ್ರೆ ಸುಮ್ನಿರ್ತಾರಾ? ಬೈದೆ."

"'ಆ ಗುಂಡೀಲೇ ಸಾಯಿ' ಅಂದ್ರಂತೆ."

"ಮೂವತ್ತು ವರ್ಷದಿಂದ ಅಂತಾನೇ ಇದೀನಿ, ಸಾಹೇಬ್ರೇ."

ಕುಬಾತ್ ನಗಲಿಲ್ಲ. ಕಿಟಕಿಯಾಚೆ ಕರಕೋಲ್ ಪಟ್ಟಣದ ಹಿಮ ಮೊಣಕಾಲುದ್ದ ಬಿದ್ದಿತ್ತು. ಗಂಡ ಅಲ್ಲಿ ಸಾವು ಬದುಕಿನ ನಡುವೆ, ತಾನಿಲ್ಲಿ ಇಲಿಬೋನಿನಲ್ಲಿ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬಂತಾಗಿತ್ತು ಅವಳ ಪಾಡು.

ಭಾವ ಸಾಗಿನ್ ಕಣ್ಣೊರೆಸುತ್ತಾ ನಿಂತಿದ್ದ. ಮಧ್ಯಾಹ್ನವಷ್ಟೇ ರಾಜಧಾನಿಯಿಂದ ಬಂದಿದ್ದ ತುರಾರ್‌ನ ಅಣ್ಣ. ಅಪ್ಪನ ಮನೆ ಕಿರಿಯ ಮಗನಿಗೇ ಸೇರುವುದು ಅವರಲ್ಲಿ ಪದ್ಧತಿ. ಹಾಗಾಗಿ ಮನೆ ತುರಾರ್‌ನದು.

"ನಾನು ಪಕ್ಕದಲ್ಲೇ ಇದ್ದೆ," ಎಂದ ಸಾಗಿನ್. "ಕೆಲಸ ಮುಗೀತು, ಸೋರೋದು ನಿಂತಿದ್ಯಾ ನೋಡ್ತೀನಿ ಅಂತ ತಮ್ಮನೇ ಸ್ಟಾರ್ಟ್ ಮಾಡ್ದ. ಎಂಜಿನ್ ಜೇನ್ನೊಣದ ಥರ ಗುಂಯ್ ಅಂತಿತ್ತು. ಬಾಗಿಲು ತೆಗೆದಿಟ್ಟೇ ನಾನು ಸ್ನಾನಕ್ಕೆ ಹಮಾಮಿಗೆ ಹೋದೆ. ಆಮೇಲೆ ಚಿಲಕ ಹಾಕಿದ ಕೈ ಯಾವ್ದೋ, ದೇವರಿಗೇ ಗೊತ್ತು."

ಎಲ್ಲರೂ ಗುಲ್ಸುನ್‌ಳ ಕೈಯನ್ನೇ ನೋಡಿದರು.

ಅವಳು ತಟ್ಟನೆ ಎದ್ದಳು. "ಸಾಹೇಬ್ರೇ, ಒಂದ್ಸಲ ಗ್ಯಾರೇಜಿಗೆ ಕರ್ಕೊಂಡು ಹೋಗಿ. ಬೇಕಿದ್ರೆ ಕೈ ಕಟ್ಟಿ."

*

"ಗುಂಡಿಯ ಮೂಲೇಲಿ ನನ್ನ ಬೋಗುಣಿ ಇರ್ಬೇಕು ನೋಡಿ."

ಕಾನ್‌ಸ್ಟೆಬಲ್ ಟಾರ್ಚ್ ಹಿಡಿದು ಇಳಿದ. ಬೋಗುಣಿ ಸಿಕ್ಕಿತು. ಅಂಚಿನವರೆಗೂ ಕಪ್ಪು ಎಣ್ಣೆ. ಅದನ್ನು ಕಂಡು ಗುಲ್ಸುನ್‌ಗೆ ಆ ಹೊತ್ತಿನಲ್ಲೂ ಹೊಟ್ಟೆ ಉರಿಯಿತು.

"ಕಪಾಟಿನಲ್ಲಿ ಹೊಸ ಎಣ್ಣೆ ಡಬ್ಬಿ ಇದೆ, ಅದನ್ನೂ ನೋಡಿ," ಎಂದಳು.

ಸೀಲ್ ಒಡೆದಿರಲಿಲ್ಲ.

"ಈಗ ಕೀಲಿ ತಿರುಗ್ಸಿ."

ಕುಬಾತ್ ತಿರುಗಿಸಿದ. ಟಕ್ ಎಂದಿತು, ಅಷ್ಟೇ. ಎಣ್ಣೆಯಿಲ್ಲದೆ ಓಡಿ ಎಂಜಿನ್ ಒಳಗೇ ಬಿಗಿದು ಕಚ್ಚಿಕೊಂಡಿತ್ತು.

"ಸೋರ್ತಿದ್ದಿದ್ದು ಎಂಜಿನ್ ತಳದ ಗ್ಯಾಸ್ಕೆಟ್," ಎಂದಳು. "ತಳ ಬಿಚ್ಚೋಕೆ ಮೊದ್ಲು ಎಣ್ಣೆ ಪೂರ್ತಿ ಇಳಿಸ್ಬೇಕು. ಹೊಸದು ಕೂರಿಸಿ ಅಂಟು ಹಚ್ಚಿದ್ಮೇಲೆ ಅದು ಬೆಳಗಿನವರೆಗೂ ಒಣಗ್ಬೇಕು. ಎಣ್ಣೆ ಹಾಕೋದು ನಾಳೆ. ಅಲ್ಲೀವರೆಗೆ ನಮ್ಮನೆಯವರು ಕೀಲಿ ಮುಟ್ಟೋರೇ ಅಲ್ಲ. ನಾನೂ ಅಷ್ಟೇ. ಎಣ್ಣೆ ಎಲ್ಲಿದೆ ಅಂತ ಗೊತ್ತಿದ್ದಕ್ಕೇ ಅಲ್ವಾ ಬೆಳಿಗ್ಗೆ ಊರು ಕೇಳೋ ಹಾಗೆ ಕಿರುಚಿದ್ದು? ಗೊತ್ತಿಲ್ದೇ ಇದ್ದಿದ್ದು ಮಧ್ಯಾಹ್ನ ಬಂದೋರಿಗೆ."

ಅವಳು ಹಿಂದೆಯೇ ಬಂದು ನಿಂತಿದ್ದ ಸಾಗಿನ್ ಕಡೆ ತಿರುಗಿದಳು. "ಭಾವ, ಎಣ್ಣೆ ಇಲ್ಲದ ಎಂಜಿನ್ನು ಜೇನ್ನೊಣದ ಥರ ಹಾಡುತ್ತಾ? ಅವರು ಸ್ಟಾರ್ಟ್ ಮಾಡಿದ್ದನ್ನ ನೀವು ನೋಡೋಕೆ ಸಾಧ್ಯವೇ ಇಲ್ಲ. ತಲೆಗೆ ಹೊಡೆದು, ಕೀಲಿ ತಿರುಗಿಸಿ, ಚಿಲಕ ಹಾಕಿದೋರು ನೀವೇ."

ಸಾಗಿನ್ ಬಾಗಿಲ ಕಡೆ ನೋಡಿದ. ಅಲ್ಲಿ ಗುಂಡಿಯಿಂದ ಮೇಲೆ ಬಂದ ಕಾನ್‌ಸ್ಟೆಬಲ್ ಅಡ್ಡ ನಿಂತಿದ್ದ.

"ಕಿರಿಯ, ಕಿರಿಯ!" ಎಂದು ಚೀರಿದ. "ಈ ಮನೆಗೆ ಇಟ್ಟಿಗೆ ಹೊತ್ತೋನು ನಾನು! ನೆಂಟನ ಹಾಗೆ ಬಂದು ಚಹಾ ಕುಡಿದು ಹೋಗೋನೂ ನಾನೇ!"

ಕುಬಾತ್ ಅವನ ಕೈಗೆ ಬೇಡಿ ಹಾಕಿದ. ಆಮೇಲೆ ಗುಲ್ಸುನ್ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಎಣ್ಣೆ ಇದ್ದಿದ್ರೆ ಎಂಜಿನ್ ಪೆಟ್ರೋಲ್ ಮುಗಿಯೋವರೆಗೂ ವಿಷದ ಹೊಗೆ ಉಗುಳ್ತಿತ್ತಮ್ಮ. ಕೆಲವೇ ನಿಮಿಷಕ್ಕೆ ನಿಂತಿದ್ದಕ್ಕೇ ಅವ್ರು ಉಳಿದಿದ್ದು. ನಡೀರಿ, ಆಸ್ಪತ್ರೆಗೆ ಬಿಡ್ತೀನಿ."

*

ತುರಾರ್ ಕಣ್ಣು ತೆರೆದ. ಹೆಂಡತಿಯನ್ನು ಕಂಡವನೇ ಅಪರಾಧಿಯಂತೆ ಪಿಸುಗುಟ್ಟಿದ: "ಬೋಗುಣಿ... ತೊಳೆದು ಕೊಡ್ತೀನಿ."

"ಅದನ್ನ ಪೊಲೀಸ್ರು ಸಾಕ್ಷಿಗೆ ತಗೊಂಡು ಹೋದ್ರು," ಎನ್ನುತ್ತಾ ಗುಲ್ಸುನ್ ಅವನ ಎಣ್ಣೆಗಪ್ಪಿನ ಕೈಯನ್ನು ಕೆನ್ನೆಗೊತ್ತಿಕೊಂಡು ಅತ್ತಳು. "ಇನ್ಮೇಲೆ ಅಡುಗೆಮನೇಲಿ ಯಾವ ಪಾತ್ರೆ ಬೇಕಾದ್ರೂ ತಗೊಳ್ಳಿ."