ಮೀಟರಿಗೆ ಸಿಗದ ಮಾತು

ನಾನು ಕೊರೆದಿದ್ದ ತೂತನ್ನು ಯಾರೋ ಮುಚ್ಚಿದ್ದರು. ಅರ್ಧ ದಿನ ಧೂಳು ಕುಡಿದು ಆ ಗೋಡೆ ಕೊರೆದಿದ್ದೆ.

"ಯಾರ್ರೀ ಇದನ್ನ ಮುಚ್ಚಿದ್ದು?"

"ನಾನೇ," ಎಂದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದವನು. ತಲೆ ಎತ್ತಲೂ ಇಲ್ಲ. ಕೈಯಲ್ಲಿ ಶಬ್ದ ಅಳೆಯುವ ಮೀಟರು. "ಇದು ಹೋಮ್ ಥಿಯೇಟರ್. ಇಲ್ಲಿಂದ ಒಂದು ಪಿಸುಮಾತೂ ಹೊರಗೆ ಹೋಗಬಾರದು ಅಂತ ಮನೆಯವರು ಹೇಳಿದ್ದಾರೆ."

"ಒಳಗೆ ಕೂತೋರು ಉಸಿರಾಡೋದು ಬೇಡ್ವಾ?"

"ಎರಡು ಗಂಟೆ ಸಿನಿಮಾ ರೀ. ಯಾರೂ ಸಾಯಲ್ಲ."

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. "ಸರಿ, ನೀವೇ ಕೂತು ತೋರಿಸಿ," ಎಂದು ಹೊರಗೆ ಬಂದು ಬಾಗಿಲು ಎಳೆದೆ. ಸುತ್ತ ರಬ್ಬರ್ ಪಟ್ಟಿ ಹಚ್ಚಿದ ಭಾರದ ಬಾಗಿಲು. ಬೀಗ ಹಾಕಿರಲಿಲ್ಲ. ಹಠಕ್ಕೆ ಬಿದ್ದು ಅವನೇ ತೆಗೆಯಲಿಲ್ಲ. ಒಂದು ಗಂಟೆಯ ಮೇಲೆ ಹೊರಗೆ ಬಂದಾಗ ಅಂಗಿ ಹಿಂಡಿದರೆ ಒಂದು ಚೊಂಬು ನೀರು ಬರುವಂತಿತ್ತು. ನಾನಾಗಲೇ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ.

"ತೂತು ಇರಲಿ," ಎಂದ. "ಆದರೆ ನೇರ ಬೇಡ."

ಗೆದ್ದ ಖುಷಿಯಲ್ಲಿ ಅವನ ಕಣ್ಣು ಚೆನ್ನಾಗಿದೆ ಎಂಬುದನ್ನು ಅವತ್ತು ಗಮನಿಸಲಿಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ.

ಅಪ್ಪನ ತಗಡಿನ ವರ್ಕ್‌ಶಾಪಿನಲ್ಲಿ ನಾನು ಹದಿಮೂರು ವರ್ಷದಿಂದ ಗಾಳಿ ಸಾಗುವ ತಗಡಿನ ಕೊಳವೆ, ಅಂದರೆ ಡಕ್ಟ್ ಮಾಡುತ್ತಿದ್ದೇನೆ. ಗಾಳಿಯನ್ನು ಎಷ್ಟು ತಿರುಗಿಸಿದರೂ ಅದು ದಾಟಿ ಬರುತ್ತದೆ, ಶಬ್ದ ಮಾತ್ರ ಪ್ರತಿ ತಿರುವಿನಲ್ಲೂ ಒಂದಿಷ್ಟು ಸೋಲುತ್ತದೆ. ಹಾಗಾಗಿ ಒಳಗೆಲ್ಲ ಫೋಮ್ ಅಂಟಿಸಿ, ದಾರಿಯನ್ನು ಸುತ್ತು ಸುತ್ತಾಗಿಸಿ ಒಂದು ದೊಡ್ಡ ಡಬ್ಬಿ ಮಾಡಬೇಕಿತ್ತು. ತಗಡು ನನ್ನದು, ಲೆಕ್ಕಾಚಾರ ಅವನದು. ಸೈಟಿನಲ್ಲಿ ಎಲ್ಲರೂ ಅವನನ್ನು ಮೀಟರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಪ್ರತಿ ಸಂಜೆ ಟೆಸ್ಟ್. ಅವನು ಬಾಗಿಲು ಹಾಕಿಕೊಂಡು ಒಳಗೆ ಕೈಗೆ ಸಿಕ್ಕಿದ್ದನ್ನು ಜೋರಾಗಿ ಓದಬೇಕು, ನಾನು ಮನೆಯ ಪಕ್ಕದಲ್ಲಿ ಡಬ್ಬಿಯ ಬಾಯಿಗೆ ಕಿವಿ ಕೊಟ್ಟು ಮೀಟರು ನೋಡಬೇಕು. ಗಾಳಿ ಹೊರಗೆ ಹೋಗುವ ಇನ್ನೊಂದು ಕೊಳವೆ ಹಿತ್ತಿಲಿಗೆ ತೆರೆದಿತ್ತು. ಅದಕ್ಕೆ ಇನ್ನೂ ಡಬ್ಬಿ ಕೂರಿಸಿರಲಿಲ್ಲ, ಟೆಸ್ಟಿಗೆ ಮೊದಲು ಅದರ ಬಾಯಿಗೆ ದಪ್ಪ ಫೋಮಿನ ತುಂಡು ತುರುಕುವುದು ನನ್ನ ಕೆಲಸ.

ಮೊದಲ ದಿನ ಸಿಮೆಂಟ್ ಚೀಲದ ಮೇಲಿನ ಅಕ್ಷರವೆಲ್ಲ ಕೇಳಿಸಿತು. ಎರಡನೇ ದಿನ ಒಂದು ತಿರುವು ಜಾಸ್ತಿ ಮಾಡಿದೆ.

"ಇವತ್ತು?"

"ನಿಮ್ಮ ದನಿ ಜಗಮೊಂಡ ರೀ. ಎಲ್ಲಿಂದಲಾದರೂ ನುಸುಳಿ ಬರುತ್ತೆ."

ನಕ್ಕ. ನನ್ನ ಕೂದಲಲ್ಲಿ ಸಿಕ್ಕಿದ್ದ ತಗಡಿನ ಚೂರನ್ನು ಎರಡು ಬೆರಳಲ್ಲಿ ತೆಗೆದು, ಎಸೆಯದೆ ಜೇಬಿಗೆ ಹಾಕಿಕೊಂಡ. ಆಮೇಲಂತೂ ಮೀಟರು ನೋಡುವ ನೆಪದಲ್ಲಿ ನನ್ನನ್ನೇ ನೋಡುವನು, ನಾನು ತಲೆ ಎತ್ತಿದರೆ ಅಂಕಿಯ ಮೇಲೆ ಕಣ್ಣು.

"ಅಂಕಿ ನನ್ನ ಮುಖದ ಮೇಲಿದೆಯೇನ್ರೀ?"

"ಇಲ್ಲ... ಗ್ರೀಸ್ ಇದೆ."

ಒರೆಸಿಕೊಂಡೆ. ಗ್ರೀಸ್ ಇರಲಿಲ್ಲ.

ಹೀಗಿರುವಾಗ ಬುಧವಾರ ಬಾಯಿಬಿಟ್ಟೆ. ಅಪ್ಪ ತನ್ನ ಗೆಳೆಯನ ಮಗನಿಗೆ ನನ್ನನ್ನು ಕೊಡಲು ಹೊರಟಿದ್ದ, ಭಾನುವಾರ ಮಾತು ಕೊಡುವುದೆಂದು ತೀರ್ಮಾನವಾಗಿತ್ತು. ಅವರದು ಒಂದೇ ಷರತ್ತು: ಮದುವೆಯಾದ ಮೇಲೆ ನಾನು ಏಣಿ ಹತ್ತುವಂತಿಲ್ಲ.

"ಓ," ಎಂದ ಮೀಟರ್. ಆಗಲೇ ಬಿಗಿಯಾಗಿದ್ದ ಸ್ಕ್ರೂವನ್ನು ಮತ್ತೆ ತಿರುಗಿಸತೊಡಗಿದ.

"ಓ ಅಂದ್ರೆ?"

"ಏನಿಲ್ಲ."

ಮೈಯೆಲ್ಲ ಉರಿದುಹೋಯಿತು.

ಶುಕ್ರವಾರ ಕೊನೆಯ ಟೆಸ್ಟ್. ನನ್ನನ್ನು ಕರೆದುಕೊಂಡು ಹೋಗಲು ಅಪ್ಪ ಬೇಗನೇ ಬಂದಿದ್ದ. ನಲವತ್ತು ವರ್ಷ ತಗಡು ಬಡಿದು ಅವನ ಕಿವಿ ಅರ್ಧ ಹೋಗಿದೆ. ಹಿತ್ತಿಲಲ್ಲಿ ಕೂರಲು ಏನೂ ಇರಲಿಲ್ಲ. ಕೈಯಲ್ಲಿದ್ದ ಫೋಮಿನ ತುಂಡನ್ನೇ ಗೋಡೆ ಬದಿಗೆ ಹಾಕಿ, "ಐದು ನಿಮಿಷ ಕೂತ್ಕೋ ಅಪ್ಪ," ಎಂದು ಮನೆಯ ಪಕ್ಕಕ್ಕೆ ಓಡಿದೆ.

ಕಿವಿ ಕೊಟ್ಟೆ. ಡಬ್ಬಿ ತಣ್ಣನೆ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತಿತ್ತು, ಸದ್ದು ಮಾತ್ರ ಇಲ್ಲ. ಮೀಟರಿನ ಅಂಕಿ ಅಲುಗಲಿಲ್ಲ. ದಿನಾ ಒಂದು ನಿಮಿಷ ಓದುವವನು ಅವತ್ತು ಐದು ನಿಮಿಷವಾದರೂ ಹೊರಗೆ ಬರಲಿಲ್ಲ. ಬಂದಾಗ ಮುಖ ಕೆಂಪಾಗಿತ್ತು.

"ಕೇಳಿಸ್ತಾ?"

"ಒಂದಕ್ಷರವೂ ಇಲ್ಲ. ಪಾಸು! ಏನ್ ಓದಿದ್ರಿ ಅಷ್ಟೊತ್ತು?"

"ಬಣ್ಣದ ಡಬ್ಬಿ ಮೇಲಿದ್ದದ್ದು."

"ಅದರ ಮೇಲೆ ನಿನ್ನ ಹೆಸರೂ ಇತ್ತಮ್ಮ," ಎಂದಿತು ಹಿಂದಿನಿಂದ ಒಂದು ದನಿ. ಮೂಲೆಯಲ್ಲಿ ಅಪ್ಪ ನಿಂತಿದ್ದ, ಕಂಕುಳಲ್ಲಿ ಫೋಮಿನ ತುಂಡು. "ನನ್ನ ಕಿವಿಗೇ ಕೇಳಿಸ್ತು ಅಂದ್ಮೇಲೆ ಇದೆಂಥಾ ಪಾಸು?"

ಆ ತುಂಡನ್ನು ನೋಡಿದ ಮೇಲೆ ನನ್ನ ತಪ್ಪು ಹೊಳೆಯಿತು. ಮುಚ್ಚಬೇಕಿದ್ದ ಕೊಳವೆಯ ಬಾಯನ್ನು ತೆರೆದಿಟ್ಟು, ಅದರ ಮುಂದೆಯೇ ಅಪ್ಪನನ್ನು ಕೂರಿಸಿದ್ದೆ. ಮೀಟರ್ ಬಿಳಿಚಿಕೊಂಡ.

"ಏನಂದ್ರು ಅಪ್ಪ?"

"ಕೆಲಸ ಬಿಡು ಅನ್ನೋ ಗಂಡು ನಿನಗೆ ಬೇಡವಂತೆ. ಮಿಕ್ಕಿದ್ದು ನನ್ನ ಬಾಯಲ್ಲಿ ಬರಲ್ಲ."

ನಾಚಿಕೆ ಬರಬೇಕಿತ್ತು, ಬಂದದ್ದು ಸಿಟ್ಟು. ಮೀಟರ್ ಕಡೆ ತಿರುಗಿದೆ. "ಮಾತು ಹೊರಗೆ ಬರದಂಥ ಕೋಣೆ ಮಾಡಿಕೊಟ್ಟರೆ, ಅದರೊಳಗೆ ಹೋಗಿ ಹೇಳ್ತೀರಾ? ನನ್ನ ಮುಂದೆ ಹೇಳೋಕೆ ಏನಾಗಿತ್ತು?"

"ನೀವು ಒಪ್ಪಿದ್ದೀರಿ ಅಂದ್ಕೊಂಡೆ."

"ನನ್ನನ್ನ ಕೇಳಿದ್ರಾ? ಒಬ್ಬರಾದರೂ ಕೇಳಿದ್ರಾ?"

ಅಪ್ಪ ನೆಲ ನೋಡಿದ.

"ಅಪ್ಪ, ಭಾನುವಾರ ಮಾತು ಕೊಡಬೇಡ. ಕೊಟ್ಟರೂ ನಾನು ಉಳಿಸಲ್ಲ. ಏಣಿ ಹಿಡ್ಕೊಂಡು ನನ್ನ ಹತ್ತಿಸಿದವನು ನೀನು, ಬೇರೆ ಯಾರೋ ಬಂದು ಇಳಿ ಅಂದ್ರೆ ನಾನು ಇಳಿಯಲ್ಲ." ಮತ್ತೆ ಮೀಟರ್ ಕಡೆ ನೋಡಿದೆ. "ನೀವೂ ಅಷ್ಟೇ. ಹೇಳೋದಿದ್ರೆ ಇಲ್ಲಿ ಹೇಳಿ. ಇಲ್ಲಾಂದ್ರೆ ಇವತ್ತಿಗೆ ಮುಗೀತು."

ಗಾರೆ ಕೆಲಸದವರು ಕೈ ನಿಲ್ಲಿಸಿದರು. ಮೇಲಿನ ಕಿಟಕಿಯಲ್ಲಿ ಮನೆಯೊಡತಿಯ ತಲೆ ಕಾಣಿಸಿತು. ಅವನು ಒಮ್ಮೆ ಗಂಟಲು ಸರಿಮಾಡಿಕೊಂಡ.

"ನೀವಂದ್ರೆ ನನಗೆ ಪ್ರಾಣ," ಎಂದ, ಕಿಟಕಿಗೂ ಕೇಳಿಸುವಂತೆ. "ಮೊದಲ ದಿನ ಒಳಗೆ ಬೇಯ್ತಾ ಕೂತಿದ್ದೆನಲ್ಲ, ಆವಾಗಿನಿಂದ. ಹೊರಗೆ ನೀವು ಕಾಯ್ತಿದ್ದೀರಿ ಅನ್ನೋದೇ ಒಂದು ಖುಷಿ."

"ನಾನು ಊಟ ಮಾಡ್ತಿದ್ದೆ."

"ಗೊತ್ತು ರೀ. ಆದ್ರೂ."

"ನನಗೂ ನೀವೇ ಬೇಕು," ಎಂದೆ, ಅವನಿಗಿಂತ ಜೋರಾಗಿ.

ಅಪ್ಪ ಫೋಮಿನ ತುಂಡಿನ ಧೂಳು ಕೊಡವಿ ಅದನ್ನು ನನ್ನ ಕೈಗಿಟ್ಟ.

"ಭಾನುವಾರದ್ದು ಅವರಿಗೆ ನಾನು ಹೇಳ್ಕೊಳ್ತೀನಿ. ನೀನು ಮೊದಲು ಇದನ್ನ ಆ ಬಾಯಿಗೆ ತುರುಕು. ಮಿಕ್ಕಿದ್ದನ್ನ ಒಳಗೆ ಹೋಗಿ ಮಾತಾಡ್ಕೊಳ್ಳಿ, ನನಗೆ ಕೇಳಿಸೋದು ಬೇಡ."

ಅಪ್ಪನ ಮುಖ ಗಂಟಿಕ್ಕಿತ್ತು, ದನಿ ಮಾತ್ರ ಒದ್ದೆಯಾಗಿತ್ತು.

ಮೀಟರ್, ನಾನು ಇಬ್ಬರೂ ಒಳಗೆ ಹೋಗಿ ಆ ಭಾರದ ಬಾಗಿಲನ್ನು ಎಳೆದುಕೊಂಡೆವು. ಫೋಮು ನನ್ನ ಕಂಕುಳಲ್ಲೇ ಇತ್ತು. ತುರುಕಲಿಲ್ಲ. ಕೇಳಿಸಿಕೊಳ್ಳುವವರು ಕೇಳಿಸಿಕೊಳ್ಳಲಿ.