ಗೊಂಬೆಯ ಬಾಯಿಗೆ ಹೊಡೆದ ಮೊಳೆ

"ಆ ಗುಡಿ ಒಳೀಕೆ ಓಗ್ಬ್ಯಾಡಿ ಸಾ. ಮಾಟ ಮಾಡೋನೊಬ್ಬ ಯಾರ್ದೋ ಬಾಯಿ ಕಟ್ಟಾಕವ್ನೆ ಅಲ್ಲಿ," ಎಂದಳು ಹಿನ್ನೀರಿನ ದಡದಲ್ಲಿ ಮೀನು ಹುರಿಯುತ್ತಿದ್ದ ಸಣ್ಣಕ್ಕ.

ರಜನೀಶ್ ನಕ್ಕ. ಮಂಗಳೂರಿನಿಂದ ಹಾಸನದ ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಭಾನುವಾರ ಹೆಂಡತಿ ರೂಪಶ್ರೀಯನ್ನು ಕರೆದುಕೊಂಡು ಹೊರಟವನು ದೊಡ್ಡಗದ್ದವಳ್ಳಿ, ಮೊಸಳೆ ಎಂಬ ಊರುಗಳ ಗುಡಿಗಳನ್ನು ನೋಡಿ, ಮಧ್ಯಾಹ್ನಕ್ಕೆ ಗೊರೂರಿನ ಹಿನ್ನೀರಿಗೆ ಬಂದಿದ್ದ. ಬೇಸಿಗೆಗೆ ನೀರು ಇಳಿದು, ಮುಳುಗಿದ್ದ ಪಾಳುಗುಡಿಯೊಂದು ಕೆಸರಿನಿಂದ ಮೇಲೆದ್ದಿತ್ತು.

"ಅದೇನಿದೆಯೋ ನೋಡಿಯೇ ಬಿಡೋಣ," ಎಂದು ಒಳಹೊಕ್ಕ.

ಹೊರಗೆ ಉರಿಬಿಸಿಲು, ಗರ್ಭಗುಡಿಯಲ್ಲಿ ಕಣ್ಣಿಗೆ ಮೆತ್ತಿಕೊಳ್ಳುವ ಕತ್ತಲು. ಕೊಳೆತ ಪಾಚಿ, ಬಾವಲಿಯ ಹಿಕ್ಕೆ, ಅದರ ನಡುವೆ ಹಸಿ ರಕ್ತದ ವಾಸನೆ. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಮೊಬೈಲಿನ ಬೆಳಕು ಬಿದ್ದಲ್ಲಿ, ಪೀಠದ ಮೇಲೆ, ಕುಂಕುಮ ಬಳಿದ ಮರದ ಗೊಂಬೆ. ಅದರ ಬಾಯಿಗೆ ಮೊಳೆ ಹೊಡೆದಿದ್ದರು.

"ಬೇಡ ರೀ, ಬನ್ನಿ," ಎಂದಳು ರೂಪಶ್ರೀ, ಬಾಗಿಲಲ್ಲೇ ನಿಂತು.

"ಏನಾಗುತ್ತೆ, ನೋಡು!" ಅವನು ಮೊಳೆ ಕಿತ್ತ.

ತೊಟ್ಟಿಕ್ಕುವ ಸದ್ದು ನಿಂತಿತು. ಗೊಂಬೆ ಉಸಿರು ಬಿಟ್ಟಿತು. ಬಿಸಿ ಉಸಿರು. ಅವನ ಮುಖಕ್ಕೇ ಬಡಿಯಿತು. ನಾಲಿಗೆಯ ತುಂಬ ತುಕ್ಕಿನ ರುಚಿ. ದವಡೆ ಬಿಗಿಯಿತು. ಕೂಗಲು ಹೋದ. ದನಿಯಿಲ್ಲ. ಯಾರೋ ನಾಲಿಗೆಯನ್ನು ಇರಿಯುತ್ತಿದ್ದರು. ಒಳಗಿನಿಂದ. ಮತ್ತೆ. ಮತ್ತೆ. ಮೊಳೆ ಅಂಗೈಗೆ ಕಚ್ಚಿಕೊಂಡಿತ್ತು. ಕೊಡವಿದ. ಬೀಳಲಿಲ್ಲ.

ತುಟಿಯಿಂದ ರಕ್ತ ಸುರಿಸುತ್ತ ದಡಕ್ಕೆ ಓಡಿಬಂದ. ರೂಪಶ್ರೀ ನೀರು ತರಲು ಕಾರಿನತ್ತ ಓಡಿದಳು. ಅವನ ಕೈ ನೋಡಿ ಸಣ್ಣಕ್ಕ ಹಿಂದೆ ಸರಿದಳು.

"ಕಿತ್ಬುಟ್ರಾ ಸಾ! ಎಸುದ್ರೆ ಓಗಾಕಿಲ್ಲ ಅದು. ಯಾರಾದ್ರೂ ತಾವಾಗೇ ಕೈಯೊಡ್ಡಿ ಈಸ್ಕಂಡ್ರೆ ನಿಮ್ಮನ್ನ ಬುಟ್ಟು ಅವರ್ನ ಇಡ್ಕತದೆ. ನನ್ತಾವ ಬರಬ್ಯಾಡಿ!"

ಅಷ್ಟರಲ್ಲಿ ರೂಪಶ್ರೀ ಬಾಟಲಿ ಹಿಡಿದು ಓಡಿಬಂದಳು. ಸೆರಗಿನಿಂದ ಅವನ ತುಟಿ ಒರೆಸಿದಳು.

"ಅಯ್ಯೋ, ಏನಾಯ್ತು ರೀ? ಆ ಮೊಳೆ ಕೈಗೆ ಚುಚ್ಚಿಕೊಂಡಿದ್ಯಾ? ಇಲ್ಲಿ ಕೊಡಿ." ಅಂಗೈ ಚಾಚಿದಳು.

"ಬ್ಯಾಡ ಕಣವ್ವಾ!" ಸಣ್ಣಕ್ಕ ಕಿರುಚಿದಳು.

ಅವನು ಮುಷ್ಟಿ ಬಿಗಿಹಿಡಿಯಬಹುದಿತ್ತು. ಬಿಚ್ಚಿದ.

ಮೊಳೆ ಹಗುರವಾಗಿ ಜಾರಿ ಅವಳ ಕೈಗೆ ಬಿತ್ತು. ಅವನ ದವಡೆ ಸಡಿಲಾಯಿತು. "ರೂಪಾ," ಎಂದ. ದನಿ ಸ್ಪಷ್ಟವಾಗಿತ್ತು. ಅವಳ ತುಟಿ ಅದುರಿತು, ಮಾತು ಹೊರಡಲಿಲ್ಲ. ಬಾಯಂಚಿನಲ್ಲಿ ರಕ್ತ ಜಿನುಗಿತು. ಸಣ್ಣಕ್ಕ ಅಳುತ್ತಲೇ ಎಲ್ಲವನ್ನೂ ಹೇಳಿದಳು. ರೂಪಶ್ರೀ ಕೇಳಿಸಿಕೊಂಡು, ಗಂಡನ ಮುಖವನ್ನೇ ನೋಡುತ್ತ, ಮೊಳೆಯಿದ್ದ ಅಂಗೈಯನ್ನು ಅವನತ್ತ ಚಾಚಿದಳು.

"ಗಾಬರಿಯಾಗಬೇಡ, ಇದೆಲ್ಲ ಬರೀ ಮೂಢನಂಬಿಕೆ. ಆಸ್ಪತ್ರೆಗೆ ಹೋಗೋಣ," ಎಂದ ರಜನೀಶ್, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.